ಹದಿಮೂರನೆಯ ಫಾರಂ

ನಾವು ಓದುವುದು ಒಂದೊಂದು ತುಂಡು, ಅಭಿಪ್ರಾಯ ಹೇಳುವುದು ಮಾತ್ರ ಇಡೀ ಪುಸ್ತಕದ್ದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೈಂಡಿಂಗ್ ಕೆಲಸದವರು ಹಾಗೆಯೇ ಓದಬೇಕು. ಪ್ರೆಸ್ಸಿನಿಂದ ನಮ್ಮಲ್ಲಿಗೆ ಬರುವುದು ಪುಸ್ತಕವಲ್ಲ, ಅಗಲವಾದ ಹಾಳೆಗಳ ಕಟ್ಟು. ಒಂದು ಹಾಳೆಯ ಎರಡೂ ಮಗ್ಗುಲು ಸೇರಿ ಹದಿನಾರು ಪುಟ. ಮೂರು ಸಲ ಮಡಚಿದರೆ ಅದೊಂದು ಫಾರಂ. ಅಂಥ ಹನ್ನೆರಡೋ ಹದಿನೈದೋ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ಅಂಟು ಬಳಿದು, ಮೂರು ಅಂಚು ಕತ್ತರಿಸಿ, ರಟ್ಟು ಹಾಕಿದ ಮೇಲೆಯೇ ಅದಕ್ಕೆ ಪುಸ್ತಕ ಎಂಬ ಹೆಸರು. ಅಷ್ಟು ಹೊತ್ತಿಗೆ ಅದು ನಮ್ಮ ಕೈ ಬಿಟ್ಟು ಹೋಗಿರುತ್ತದೆ.

ಹಾಗಾಗಿ ಮಡಚುವಾಗಲೇ ಓದಬೇಕು. ಮಡಚದ ಹಾಳೆಯ ಮೇಲೆ ಪುಟಗಳು ಸಾಲಾಗಿ ಇರುವುದಿಲ್ಲ. ಮೊದಲನೆಯ ಪುಟದ ಪಕ್ಕ ಹದಿನಾರನೆಯದು, ಅದರ ತಲೆಯ ಮೇಲೆ ಇನ್ನೊಂದು ತಲೆಕೆಳಗಾಗಿ. ಒಬ್ಬಾಕೆ ಅಳುತ್ತಿರುವ ಪುಟದ ಪಕ್ಕದಲ್ಲೇ ಅವಳು ಬಾಚಣಿಗೆ ಹುಡುಕುತ್ತಿರುತ್ತಾಳೆ, ಕೆಳಗೆ ಅವಳಿನ್ನೂ ಹುಟ್ಟಿಯೇ ಇರುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಪಡುವಣ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದು, ಕಾಗದದ ಪುಡಿ ಅದರಲ್ಲಿ ಮೆಲ್ಲಗೆ ತೇಲುತ್ತಿರುವಾಗ ಇಂಥ ಹಾಳೆಗಳನ್ನು ಓದಿದರೆ ಎಚ್ಚರ ಯಾವುದು, ಜೋಂಪು ಯಾವುದು ಗೊತ್ತಾಗುವುದಿಲ್ಲ. ಕೈ ತನ್ನ ಪಾಡಿಗೆ ಮಡಚುತ್ತಲೇ ಇರುತ್ತದೆ.

ನಮ್ಮ ಕೋಣೆಯಲ್ಲಿ ನಾಲ್ಕು ಜನ. ಹೊಲಿಗೆ ನನ್ನದು. ಮಡಚುವುದರಲ್ಲಿ ಅತ್ತಿಗೆಯದು, ಅಂದರೆ ನನ್ನ ಅಣ್ಣನ ಹೆಂಡತಿಯದು, ಎತ್ತಿದ ಕೈ. ಅಂಟು ಬಳಿಯುವುದು ಒಬ್ಬ ಹಿರಿಯರು. ಅವರ ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟಿರುವುದರಿಂದ ಎಲ್ಲರಿಗೂ ಅವರು ಅಂಟುತಾತ. ನಾಲ್ಕನೆಯವರು ಕಟಿಂಗ್ ಮೇಸ್ತ್ರಿ. ಬಂದ ಕಟ್ಟುಗಳನ್ನು ಬಿಚ್ಚಿ ಸರಿಯಿದೆಯೇ ಎಂದು ನೋಡುವುದೂ ಅವರೇ, ಕೊನೆಗೆ ಅಂಚು ಕತ್ತರಿಸುವುದೂ ಅವರೇ. ಹೊಸ ಪುಸ್ತಕ ಬಂದಾಗ ನಾವು ಮೂವರೂ ಫಾರಂಗಳನ್ನು ಹಂಚಿಕೊಂಡು ಮಡಚುತ್ತೇವೆ. ನಾಲ್ಕು ಗಂಟೆಯ ಟೀಗೆ ಕೂತಾಗ ಒಬ್ಬೊಬ್ಬರೂ ತಮ್ಮ ಪಾಲಿಗೆ ಬಂದದ್ದನ್ನು ಹೇಳುತ್ತೇವೆ, ಕೂಡಲೇ ಜಗಳ ಶುರುವಾಗುತ್ತದೆ.

ಈ ಸಲ ಬಂದದ್ದು ಹದಿಮೂರು ಫಾರಂಗಳ ಕಾದಂಬರಿ. ಐನೂರು ಪ್ರತಿ. ಮೊದಲ ನಾಲ್ಕು ಅತ್ತಿಗೆಗೆ, ನಡುವಿನ ನಾಲ್ಕು ಅಂಟುತಾತನಿಗೆ, ಉಳಿದದ್ದು ನನಗೆ. ಕೊನೆಯ ಫಾರಂ ಇನ್ನೂ ಅಚ್ಚಾಗಿರಲಿಲ್ಲ, ಮುಂದಿನ ವಾರ ಎಂದಿದ್ದರು.

ದೊಡ್ಡ ನದಿಯ ದಡದಲ್ಲಿ ದೋಣಿಗೆ ಟಿಕೆಟ್ ಕೊಡುವ ಒಬ್ಬಾಕೆಯ ಕಥೆ ಅದು. ಗಂಡ ಇಲ್ಲ. ದೋಣಿ ನಡೆಸುವವನೊಬ್ಬ ವರ್ಷಕ್ಕೊಮ್ಮೆ ಅವಳನ್ನು, ನನ್ನ ಜೊತೆ ಬರುತ್ತೀಯಾ ಎಂದು ಕೇಳುತ್ತಾನೆ.

“ಪಾಪ, ಒಳ್ಳೆ ಮನುಷ್ಯ,” ಎಂದರು ಅತ್ತಿಗೆ. “ಅವಳ ಮಾವ ಕಾಯಿಲೆ ಬಿದ್ದಾಗ ಎತ್ಕೊಂಡು ಹೊಳೆ ದಾಟಿಸ್ತಾನೆ. ಇನ್ನೇನು ಬೇಕಂತೆ ಇವಳಿಗೆ?”

“ಒಳ್ಳೆಯವನಾ?” ಎಂದು ತಾತ ಲೋಟ ಕೆಳಗಿಟ್ಟರು. “ನನ್ನ ಏಳನೇ ಫಾರಂ ಓದಿ ನೋಡಮ್ಮ. ಇಸ್ಪೀಟಾಡಿ ದೋಣಿನೇ ಕಳ್ಕೊಂಡಿದಾನೆ. ಅವನ ಅಣ್ಣ ಬಿಡಿಸಿಕೊಡ್ತಾನೆ.”

“ನನ್ನ ಹನ್ನೊಂದರಲ್ಲಿ ಅವನು ಇಸ್ಪೀಟು ಮುಟ್ಟೋದೇ ಇಲ್ಲ,” ಎಂದೆ ನಾನು. “ನೀವು ನಡುವಿನ ಫಾರಂ ಮಾತ್ರ ಹಿಡ್ಕೊಂಡು ಅಲ್ಲಾಡಿಸಿದ್ರೆ ಯಾರು ಬೇಕಾದ್ರೂ ಕಳ್ಳ ಆಗ್ತಾರೆ ತಾತ.”

ಮೇಸ್ತ್ರಿ ಎಂದಿನಂತೆ ಬ್ಲೇಡಿಗೆ ಎಣ್ಣೆ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದರು.

ಅದಾದ ಎರಡನೆಯ ದಿನ ಅತ್ತಿಗೆ ಮತ್ತು ತಾತ ಕೆಳಗೆ ಹೋಗಿದ್ದಾಗ ಮೇಸ್ತ್ರಿ ನನ್ನ ಹೊಲಿಗೆಯ ಚೌಕಟ್ಟಿನ ಮುಂದೆ ಬಂದು ನಿಂತರು. ಐವತ್ತರ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ದಾರ ಏನಾದರೂ ಬೇಕಿತ್ತೇನೋ ಎಂದುಕೊಂಡೆ.

“ನಂಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ ರೀ,” ಎಂದರು. “ನಾನೊಬ್ಬನೇ ಇದೀನಿ. ನೀವು ಬಂದ್ರೆ ಚೆನ್ನಾಗಿರುತ್ತೆ. ಮದುವೆ ಮಾಡ್ಕೊಂಡೇ ಬನ್ನಿ ಅಂತಿರೋದು. ಯೋಚನೆ ಮಾಡಿ ಹೇಳಿ.”

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರಿಗೆಲ್ಲ ಗೊತ್ತು. ಆದರೆ ಆಗ ಕೋಪ ಬರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಹೀಗೆ ಮುಖ ಬಿಸಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಕೊನೆ ಫಾರಂ ಬರ್ಲಿ. ಅವಳು ಏನಂತಾಳೋ ನೋಡಿ ಹೇಳ್ತೀನಿ.”

ತಮಾಷೆಗೆ ಹೇಳಿದ್ದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಮಹಾನುಭಾವರು ನಿಜವೆಂದೇ ತಿಳಿದು, ಸರಿ ಎಂದು ತಲೆಯಾಡಿಸಿ ಹೋಗಿ ಬ್ಲೇಡಿನ ಮುಂದೆ ನಿಂತರು.

ನನ್ನ ತೊಂದರೆ ಏನೆಂದು ಹೇಳಿಬಿಡುತ್ತೇನೆ. ಮನುಷ್ಯ ನನಗೆ ಇಷ್ಟವೇ ಇದ್ದರು. ಆದರೆ ಗಂಡ ಹೋದ ಮೇಲೆ ಒಂಬತ್ತು ವರ್ಷದಿಂದ ನಾನು ಅಣ್ಣನ ಮನೆಯ ಹಜಾರದಲ್ಲಿ ಮಲಗುತ್ತಿದ್ದೆ. ಅಣ್ಣ ಅತ್ತಿಗೆ ಒಂದು ಮಾತು ಆಡಿದವರಲ್ಲ, ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗಲಿ. ಆದರೆ ಹಜಾರಕ್ಕೆ ಬಾಗಿಲಿಲ್ಲ. ಎಲ್ಲರೂ ಮಲಗಿದ ಮೇಲೆ ಹಾಸಿಗೆ ಬಿಚ್ಚಬೇಕು, ಯಾರೂ ಏಳುವ ಮುನ್ನ ಸುತ್ತಿಡಬೇಕು. ಮದುವೆಯಾದರೆ ಮೇಸ್ತ್ರಿಯ ಮನೆಗೆ ಹೋಗಬೇಕು. ತವರು ಮನೆ, ಗಂಡನ ಮನೆ, ಅಣ್ಣನ ಮನೆ ಆಯಿತು, ಈಗ ಇದು. ನನ್ನದು ಎನ್ನುವ ಒಂದು ಬಾಗಿಲು ನನ್ನ ಹಣೆಯಲ್ಲಿ ಬರೆದೇ ಇಲ್ಲವೇ ಎನಿಸುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಮಾತಾಗಿ ಆಡಿದರೆ ಹುಚ್ಚು ಎನಿಸುವಂಥದ್ದು.

ಗೋಡೆಗೂ ಕಿವಿ ಇರುತ್ತದೆ. ಮರುದಿನ ಟೀ ಹೊತ್ತಿಗೆ ಇಬ್ಬರಿಗೂ ವಿಷಯ ಗೊತ್ತಾಗಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎಲ್ಲರೂ ಪುಸ್ತಕದ ಮೇಲೆ ಅಭಿಪ್ರಾಯ ಹೇಳಿದರು.

“ಆ ಟಿಕೆಟಿನವಳು ಇನ್ನೂ ಎಷ್ಟು ವರ್ಷ ಅಂತ ಕಾಯಿಸ್ತಾಳೆ ಅಂತೀನಿ,” ಎಂದರು ಅತ್ತಿಗೆ, ಕಿಟಕಿಯ ಕಡೆ ನೋಡುತ್ತ. “ಹೆಣ್ಣಿಗೆ ಒಂದು ಆಸರೆ ಬೇಕು.”

“ದುಡುಕಬಾರದು,” ಎಂದರು ತಾತ. “ಹೊಳೆ ಆಳ ನೋಡ್ಕೊಂಡೇ ಇಳೀಬೇಕು. ಅವಳು ಮಾಡ್ತಿರೋದೇ ಸರಿ.”

“ಅವಳು ಏನು ಮಾಡ್ಬೇಕು ಅನ್ನೋದು ಅವಳಿಗೆ ಗೊತ್ತು,” ಎಂದು ನಾನು ಸಿಡುಕಿದೆ.

“ಅಯ್ಯೋ, ನಾನು ಪುಸ್ತಕದ ವಿಷಯ ಹೇಳಿದೆ ಕಣೆ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯಾ?” ಎಂದು ಅತ್ತಿಗೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮೇಸ್ತ್ರಿ ಎದ್ದು ಹೋಗಿ ಸುಮ್ಮನೆ ಕಿಟಕಿಯ ಗಾಜು ಒರೆಸಿದರು.

ನನ್ನ ಹನ್ನೆರಡನೆಯ ಫಾರಂ ಹೀಗೆ ಮುಗಿದಿತ್ತು. ದೋಣಿಯವನು ಏಳನೆಯ ಸಲ ಕೇಳಿದ್ದಾನೆ. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಎದ್ದು, ಮುಖ ತೊಳೆದು, ‘ಚಿಲಕಕ್ಕೆ ಕೈ ಹಾಕಿ’ ಎನ್ನುವಲ್ಲಿಗೆ ಪುಟವೇ ಮುಗಿದುಹೋಗಿತ್ತು. ಒಂದು ವಾರ ನಾನು ಎಲ್ಲಿ ಹೋದರೂ ಅವಳ ಕೈ ಆ ಚಿಲಕದ ಮೇಲೆ ಇತ್ತು. ಪಾತ್ರೆ ತೊಳೆಯುವಾಗ ನಲ್ಲಿಯ ನೀರಿನಲ್ಲಿ ಹೊಳೆಯ ಸದ್ದು ಕೇಳುತ್ತಿತ್ತು. ಬಸ್ಸಿನಲ್ಲಿ ಟಿಕೆಟು ಕೈಗೆ ಬಂದರೆ ಆಚೆ ದಡಕ್ಕೆ ಒಂದು ಎಂದು ಯಾರೋ ಅಂದ ಹಾಗೆ. ಒಮ್ಮೆ ಹಜಾರದಲ್ಲಿ ಮಲಗಿ ಗೋಡೆ ಕಡೆ ತಿರುಗಿದರೆ ಗೋಡೆ ಇರಲಿಲ್ಲ, ಮಂಜು ಇತ್ತು. ಮಂಜಿನೊಳಗೆ ಯಾರೋ ಕೆಮ್ಮಿದರು. ಅದು ಅಣ್ಣ.

ಹದಿಮೂರನೆಯ ಫಾರಂ ಬುಧವಾರ ಬಂತು. ಮೇಸ್ತ್ರಿ ಕಟ್ಟಿನ ಹಗ್ಗ ಬಿಚ್ಚಿ ಪರೀಕ್ಷೆ ಮಾಡುತ್ತಿದ್ದಂತೆಯೇ ನಾನು ನಡುವಿನಿಂದ ಒಂದು ಹಾಳೆ ಎಳೆದುಕೊಂಡು ಕಿಟಕಿಗೆ ಹೋದೆ. ಮಡಚುವವರೆಗೆ ತಾಳ್ಮೆ ಯಾರಿಗಿದೆ?

‘ಹೊರಗೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು’ ಎಂದು ಶುರುವಾಯಿತು. ಅವಳು ನಡೆಯುತ್ತಾಳೆ. ಯಾರ ಹೆಸರೂ ಇಲ್ಲ, ಬರೀ ಅವಳು. ಓಣಿಗಳು, ಮೆಟ್ಟಿಲುಗಳು. ನಾನು ಹಾಳೆಯನ್ನು ತಿರುಗಿಸಿ, ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದು ಅವಳ ಹಿಂದೆಯೇ ಹೋದೆ. ಮಹಡಿಯ ಮೇಲೊಂದು ಸಣ್ಣ ಕೋಣೆ. ಅವಳು ಅದನ್ನು ಬಾಡಿಗೆಗೆ ಹಿಡಿಯುತ್ತಾಳೆ. ಒಂದು ಲೋಟ, ಒಂದು ತಟ್ಟೆ, ಒಂದು ದಿಂಬು ಕೊಳ್ಳುತ್ತಾಳೆ. ಬಾಗಿಲು ಹಾಕಿಕೊಂಡು, ಹಾಸಿಗೆಯ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಕೈಕಾಲು ಚಾಚಿ ಮಲಗುತ್ತಾಳೆ. ಹಗಲು ಹೊತ್ತಿನಲ್ಲಿ! ನೀರಿನ ನೆರಳು ಸೂರಿನ ಮೇಲೆ ಆಡುತ್ತದೆ. ಯಾರೂ ಕರೆಯುವುದಿಲ್ಲ. ಅವಳಿಗೆ ನಿದ್ದೆ ಬರುತ್ತದೆ. ಅಷ್ಟೇ, ಪುಸ್ತಕ ಮುಗಿಯಿತು.

ನನ್ನ ಮೈಯೆಲ್ಲ ಹಗುರಾಯಿತು. ಆ ಸೂರು ನನ್ನ ತಲೆಯ ಮೇಲೆಯೇ ಇತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಅತ್ತಿಗೆ ಬಂದು ಮೊಣಕೈಯಿಂದ ತಿವಿದ ಮೇಲೆಯೇ ನೆಲ ಕಂಡದ್ದು.

ಟೀ ಹೊತ್ತಿಗೆ ಭಾರೀ ಗಲಾಟೆ.

“ದೋಣಿಯವನು ಎಲ್ಲಿ ಹೋದ?” ಎಂದು ತಾತ ಮೇಜು ಕುಟ್ಟಿದರು. “ಏಳು ಸಲ ಕೇಳಿದಾನೆ. ಇಲ್ಲ ಅಂತಾನಾದ್ರೂ ಒಂದು ಮಾತು ಬೇಡ್ವಾ?”

“ಬರೆದವರು ಮರೆತಿರ್ಬೇಕು,” ಎಂದರು ಅತ್ತಿಗೆ.

“ನಿಮಗೆ ಗೊತ್ತಾಗಲ್ಲ,” ಎಂದೆ ನಾನು. “ಹೇಳದೆ ಬಿಟ್ಟಿದ್ದೇ ಅವರ ದೊಡ್ಡತನ. ಆ ಕೋಣೆನೇ ಉತ್ತರ.”

“ನೀವೇನಂತೀರಿ ಮೇಸ್ತ್ರಿ?” ಎಂದು ತಾತ ಕೇಳಿದರು.

ಮೇಸ್ತ್ರಿ ನನ್ನ ಕಡೆ ನೋಡಿದರು, ಆಮೇಲೆ ತಮ್ಮ ಲೋಟದ ಕಡೆ. “ಚೆನ್ನಾಗಿದೆ,” ಎಂದರು.

ಮರುದಿನ ನಾನೇ ಅವರ ಬಳಿ ಹೋದೆ. “ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ನಾನೊಂದು ರೂಮು ಮಾಡ್ಕೊಂಡು ಇರೋಣ ಅಂತ. ಒಬ್ಬಳೇ.”

“ಸರಿ ರೀ,” ಎಂದರು. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಇಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಇಷ್ಟು ಸಲೀಸಾಗಿ ಬಿಟ್ಟುಕೊಡುವವರು ಯಾಕೆ ಕೇಳಬೇಕಿತ್ತು?

ನಾಲ್ಕು ದಿನ ಬಿಟ್ಟು ಅವರೇ ಬಂದರು. “ಗುಂಡಿ-ದಾರದ ಅಂಗಡಿ ಇದೆಯಲ್ಲ, ಅದರ ಮೇಲೆ ಒಂದು ರೂಮು ಖಾಲಿ ಇದೆ. ಸಣ್ಣದು. ಕಿಟಕಿ ಇದೆ. ಬಾಗಿಲಿಗೆ ಒಳಗಿಂದ ಚಿಲಕ ಭದ್ರವಾಗಿದೆ, ನಾನೇ ಹಾಕಿ ತೆಗೆದು ನೋಡಿದೆ.”

ಹೋಗಿ ನೋಡಿದೆ. ನೀರಿನ ನೆರಳೇನೂ ಇರಲಿಲ್ಲ. ಎದುರು ಮನೆಯ ಗಾಜಿನಿಂದ ಒಂದು ತುಂಡು ಬಿಸಿಲು ಬಂದು ಸೂರಿನ ಮೇಲೆ ಅಲುಗುತ್ತಿತ್ತು. ಖಾಲಿ ನೆಲದ ಮೇಲೆ ಕೂತೆ, ಆಮೇಲೆ ಯಾರೂ ಇಲ್ಲವೆಂದು ಉದ್ದಕ್ಕೆ ಮಲಗಿಯೂ ನೋಡಿದೆ. ಸಂತೋಷದಿಂದ ಅಳು ಬಂತು. ಅದರ ನಡುವೆಯೇ, ಈ ಚಿಲಕವನ್ನು ಹಾಕಿ ತೆಗೆದು ನೋಡಿದ ಕೈ ನೆನಪಾಯಿತು. ಒಂದನೆಯ ತಾರೀಕಿನಿಂದ ಬರುತ್ತೇನೆ ಎಂದು ಅಂಗಡಿಯವರಿಗೆ ಮಾತು ಕೊಟ್ಟು ಬಂದೆ. ಅತ್ತಿಗೆ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾವೇ ಒಂದು ಹೊದಿಕೆ ತೆಗೆದಿಟ್ಟರು.

ಅಷ್ಟರಲ್ಲಿ ಐನೂರು ಪುಸ್ತಕಕ್ಕೂ ನನ್ನ ಹೊಲಿಗೆ ಮುಗಿದು, ತಾತನ ಅಂಟು ಒಣಗಿ, ಮೇಸ್ತ್ರಿ ಅಂಚು ಕತ್ತರಿಸಿ ಆಗಿತ್ತು. ರಟ್ಟು ಹಾಕುವುದೊಂದೇ ಬಾಕಿ. ಆಗ ನಮ್ಮ ಬೈಂಡಿಂಗಿನ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಅವರು ಮೇಲೆ ಬರುವುದು ಬಹಳ ಅಪರೂಪ.

“ಪ್ರೆಸ್ಸಿನಿಂದ ಫೋನ್ ಬಂದಿತ್ತು,” ಎಂದರು. “ನಮ್ಮ ಹದಿಮೂರನೇ ಫಾರಂ ಬೇರೆ ಬೈಂಡರ್ ಹತ್ರ ಹೋಗಿದೆ. ಅವರದ್ದು ನಮಗೆ ಬಂದಿದೆ. ಅವರು ಮಡಚೋ ಮುಂಚೆನೇ ನೋಡಿದಾರೆ. ನಾವು?”

ಎರಡೂ ಪುಸ್ತಕಕ್ಕೆ ಒಂದೇ ಅಕ್ಷರ, ಒಂದೇ ಅಳತೆ, ಎರಡರಲ್ಲೂ ನೂರ ತೊಂಬತ್ತಮೂರರಿಂದ ಇನ್ನೂರೆಂಟರವರೆಗಿನ ಪುಟ. ವ್ಯತ್ಯಾಸವೆಲ್ಲ ಹಾಳೆಯ ಮೂಲೆಯಲ್ಲಿ ಫಾರಂ ಸಂಖ್ಯೆಯ ಪಕ್ಕ, ಪುಸ್ತಕ ಯಾವುದೆಂದು ಹೇಳುವ ಇರುವೆಯಷ್ಟು ಸಣ್ಣ ಗುರುತಿನಲ್ಲಿ. ಅದನ್ನು ನೋಡುವುದು ಒಬ್ಬರೇ.

“ನನ್ನ ಕಣ್ತಪ್ಪು,” ಎಂದರು ಮೇಸ್ತ್ರಿ.

“ಇಪ್ಪತ್ತೆರಡು ವರ್ಷದಲ್ಲಿ ಇಲ್ಲದ ಕಣ್ತಪ್ಪು!” ಎಂದು ಯಜಮಾನರು ಕೂಗಾಡಿದರು. ಅವರು ಕೆಟ್ಟವರಲ್ಲ, ಆದರೆ ಐನೂರು ಪುಸ್ತಕ ಹೊತ್ತುಕೊಂಡು ಯಾರು ತಾನೆ ಮೆತ್ತಗೆ ಮಾತಾಡುತ್ತಾರೆ? ಎಲ್ಲಾ ಬಿಚ್ಚಿ, ಕೊನೆಯ ಫಾರಂ ತೆಗೆದು, ಸರಿಯಾದದ್ದು ಹಾಕಿ ಹೊಲಿಯಬೇಕು ಎಂದು ಹೇಳಿ ಇಳಿದು ಹೋದರು.

ಹಾಗಾದರೆ ಆ ಕೋಣೆ ಅವಳದ್ದಲ್ಲ. ಯಾರೋ ಬೇರೆಯವಳು ಓರೆಯಾಗಿ ಮಲಗಿದ್ದನ್ನು ಓದಿ ನಾನೊಬ್ಬ ಮನುಷ್ಯನಿಗೆ ಬೇಡ ಎಂದಿದ್ದೆ. ಇಂಥ ತಪ್ಪು ನಮ್ಮಂಥವರಿಗಲ್ಲದೆ ಇನ್ನಾರಿಗೆ ಬರಬೇಕು! ಸೀದಾ ಹೋಗಿ ಮೂಲೆಯಲ್ಲಿ ಮಡಚದೆ ಉಳಿದಿದ್ದ ಹೆಚ್ಚುವರಿ ಹಾಳೆಗಳನ್ನು ಎತ್ತಿದೆ. ಕಟ್ಟಿನ ಮೇಲಿನ ಹಾಳೆಯೂ ಅಲ್ಲೇ ಇತ್ತು. ಅದರ ಮೂಲೆಯ ಗುರುತಿನ ಸುತ್ತ ಪೆನ್ಸಿಲಿನ ಒಂದು ದುಂಡು ಗೆರೆ. ತಪ್ಪು ಕಂಡು ವಾಪಸ್ ಕಳಿಸುವ ಕಟ್ಟಿಗೆ ಮೇಸ್ತ್ರಿ ಹಾಕುವ ಗೆರೆ ಅದು.

ಆ ಹಾಳೆ ಹಿಡಿದುಕೊಂಡು ಅವರ ಮುಂದೆ ನಿಂತೆ. ಅವರು ಆಗಲೇ ಚಾಕು ಹಿಡಿದು ಮೊದಲ ಪುಸ್ತಕದ ಹೊಲಿಗೆ ಬಿಚ್ಚುತ್ತಿದ್ದರು.

“ಗೊತ್ತಿತ್ತು ಅಲ್ವಾ ನಿಮಗೆ?”

ಅವರು ಹಾಳೆ ನೋಡಿದರು. “ಹೂಂ. ಕಟ್ಟು ಬಿಚ್ಚಿದ ದಿನವೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಗುರುತು ಹಾಕಿ ತಲೆ ಎತ್ತಿದೆ. ನೀವು ಕಿಟಕಿ ಹತ್ರ ಓದ್ತಾ ಇದ್ರಿ. ನಗ್ತಾ ಇದ್ರಿ.” ಚಾಕುವಿನ ತುದಿಯಿಂದ ಒಂದು ದಾರ ಎತ್ತಿ ಕತ್ತರಿಸಿದರು. “ಒಂಬತ್ತು ವರ್ಷದಲ್ಲಿ ನೀವು ಹಾಗೆ ನಕ್ಕಿದ್ದು ನಾನು ನೋಡಿಲ್ಲ. ಅದು ತಪ್ಪು ಫಾರಂ ಅಂತ ಹೇಗೆ ಹೇಳ್ಲಿ?”

“ಐನೂರು ಪುಸ್ತಕ ರೀ.”

“ನಾಳೆ ಹೇಳೋಣ, ನಾಳೆ ಹೇಳೋಣ ಅಂತ. ನೀವು ಹೊಲೀತಾ ಹೋದ್ರಿ.”

“ಸರಿಯಾದ ಫಾರಂ ಬಂದಿದ್ರೆ ನಾನು ಹೂಂ ಅಂತಿದ್ನೋ ಏನೋ.”

“ಅದೂ ಅನ್ಕೊಂಡೆ,” ಎಂದರು ಮೇಸ್ತ್ರಿ.

ನಾನು ಅವರ ಎದುರಿಗೆ ಕೂತು ಇನ್ನೊಂದು ಚಾಕು ತೆಗೆದುಕೊಂಡೆ. ನಾನೇ ಹಾಕಿದ ಹೊಲಿಗೆಗಳನ್ನು ನಾನೇ ಬಿಚ್ಚುತ್ತ ಹೋದೆ. ಕಣ್ಣು ಮಂಜಾಗಿ ಎರಡು ಸಲ ಬೆರಳು ಕುಯ್ದುಕೊಂಡೆ. ನನ್ನ ನಗು ಉಳಿಯಲಿ ಎಂದು ತಮಗೆ ಸಿಗಬಹುದಾಗಿದ್ದ ಉತ್ತರವನ್ನೇ ಬಿಟ್ಟುಕೊಟ್ಟವರು ಇಷ್ಟು ಹತ್ತಿರ ಕೂತು ದಾರ ಆರಿಸುತ್ತಿದ್ದಾರೆ ಎನ್ನುವುದು ಎದೆಯೊಳಗೆ ಇಳಿಯಲು ಸಮಯ ಬೇಕಾಯಿತು. ಅತ್ತಿಗೆಯೂ ತಾತನೂ ಅವತ್ತು ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ.

ಮೂರು ಗಂಟೆಗೆ ಸರಿಯಾದ ಕಟ್ಟು ಬಂತು. ನಾನು ಒಂದು ಹಾಳೆ ತೆಗೆದು, ಈ ಸಲ ನಿಧಾನವಾಗಿ ಮಡಚಿ, ಪುಟಗಳನ್ನು ಸಾಲಾಗಿ ಓದಿದೆ. ಅವಳು ಚಿಲಕ ತೆಗೆದು, ಮಂಜಿನಲ್ಲಿ ನಡೆದು, ದೋಣಿ ಹತ್ತಿ ಕೂರುತ್ತಾಳೆ. ಅವನು ಹಗ್ಗ ಬಿಚ್ಚುತ್ತಾನೆ. ದಡ ಮಸುಕಾಗುತ್ತದೆ. ಚೆನ್ನಾಗಿಯೇ ಬರೆದಿದ್ದರು. ಆದರೆ ನಾನು ನಗಲಿಲ್ಲ. ದೋಣಿಗೆ ಬಾಗಿಲೇ ಇರುವುದಿಲ್ಲ. ಆ ಕೋಣೆಯಲ್ಲಿ ಮಲಗಿದವಳಿಗೆ ಬಾಗಿಲಿತ್ತು, ಅದರಾಚೆ ನಿಲ್ಲುವವರು ಯಾರೂ ಇರಲಿಲ್ಲ.

ಫಾರಂ ಕೆಳಗಿಟ್ಟೆ.

“ಮೇಸ್ತ್ರಿ, ರೂಮು ನಾನು ಬಿಡಲ್ಲ.”

“ಬಿಡಬೇಡಿ.”

“ನಿಮ್ಮನ್ನ ಬಿಡೋ ಮನಸ್ಸೂ ಇಲ್ಲ.”

ಅವರ ಚಾಕು ನಿಂತಿತು. ಆ ಕಡೆ ಅಂಟುತಾತ ಖಾಲಿ ಡಬ್ಬಿಯಲ್ಲೇ ಕುಂಚ ಆಡಿಸತೊಡಗಿದರು.

“ಮದುವೆ ಆಗೋಣ,” ಎಂದೆ. “ನಿಮ್ಮ ಮನೆ ನಿಮಗಿರ್ಲಿ, ನನ್ನ ರೂಮು ನನಗಿರ್ಲಿ. ನಾನು ನಿಮ್ಮಲ್ಲಿಗೆ ಬರ್ತೀನಿ, ನೀವು ನನ್ನಲ್ಲಿಗೆ ಬನ್ನಿ.”

“ಇದ್ಯಾವ ಫಾರಂನಲ್ಲಿದೆಯೇ?” ಎಂದು ಅತ್ತಿಗೆ ತಡೆಯಲಾರದೆ ಕೇಳಿಬಿಟ್ಟರು.

“ಯಾವುದ್ರಲ್ಲೂ ಇಲ್ಲ ಅತ್ತಿಗೆ.”

ಮೇಸ್ತ್ರಿ ತಮ್ಮ ಕೈಯಲ್ಲಿದ್ದ ದಾರದ ತುಂಡನ್ನು ನೋಡಿದರು. ಕತ್ತರಿಸುವ ಮುನ್ನ ಅಳತೆ ಹಾಕುವಾಗ ಇರುತ್ತದಲ್ಲ, ಅದೇ ಮುಖ.

“ಬಂದಾಗ ಬಾಗಿಲು ತಟ್ಟಬೇಕಾ?” ಎಂದು ಕೇಳಿದರು.

“ಹೂಂ,” ಎಂದೆ. “ತಟ್ಟಿ. ತೆಗೀತೀನಿ.”